ಶನಿವಾರ ಯಾರು ಓಡಬೇಕು?

ಲೀಡ್ಸ್ ಬಿಟ್ಟು ಉತ್ತರಕ್ಕೆ ಒಂದು ಗಂಟೆಗಿಂತ ಸ್ವಲ್ಪ ಹೆಚ್ಚು ಹೊತ್ತು ಕಾರಿನಲ್ಲಿ ಹೋದರೆ ಮಿಡಲ್‌ಹ್ಯಾಮ್ ಸಿಗುತ್ತದೆ. ಯಾರ್ಕ್‌ಶರ್‌ನ ವೆನ್ಸ್ಲಿಡೇಲ್ ಕಣಿವೆಯ ಸಣ್ಣ ಊರು. ಪಾಳುಬಿದ್ದ ಕೋಟೆ, ಕಲ್ಲಿನ ಮನೆಗಳು, ನಾಲ್ಕಾರು ಅಂಗಡಿ. ಇನ್ನೂರು ವರ್ಷಕ್ಕೂ ಹಿಂದಿನಿಂದ ಇಲ್ಲಿ ರೇಸ್ ಕುದುರೆಗಳನ್ನು ಪಳಗಿಸುತ್ತಾ ಬಂದಿದ್ದಾರೆ. 1849ರಲ್ಲಿ ಡರ್ಬಿ, ಸೇಂಟ್ ಲೆಜರ್ ಓಟಗಳೆರಡನ್ನೂ ಗೆದ್ದ ಕುದುರೆ ಫ್ಲೈಯಿಂಗ್ ಡಚ್‌ಮನ್ ಈ ಊರಲ್ಲಿ ತಯಾರಾದದ್ದು. 1945ರ ಡರ್ಬಿ ಗೆದ್ದ ಡಾಂಟೆ ಕೂಡ ಇಲ್ಲಿಯದೇ.

ನಾನು ಹೋದ ಲಾಯ ಊರಂಚಿನಲ್ಲಿದೆ. ಗೇಟು ದಾಟಿದಾಗ ಇನ್ನೂ ಸರಿಯಾಗಿ ಬೆಳಕಾಗಿರಲಿಲ್ಲ. ಮೊದಲು ಮೂಗಿಗೆ ಬಂದದ್ದು ಹುಲ್ಲಿನ ಹುಳಿ ವಾಸನೆ. ಅರ್ಧ ಒಣಗಿಸಿ ಗಾಳಿಯಾಡದಂತೆ ಕಟ್ಟಿಟ್ಟ ಮೇವಿನದು. ಚೌಕಾಕಾರದ ಅಂಗಳದ ಸುತ್ತ ಕೋಣೆಗಳು. ಪ್ರತಿ ಬಾಗಿಲಿನ ಮೇಲರ್ಧ ತೆರೆದಿತ್ತು. ಅದರಿಂದ ತಲೆ ಹೊರಹಾಕಿದ್ದ ಕುದುರೆಗಳು ನನ್ನ ಕಡೆ ನೋಡಿದವು.

ಮೇವು ಆಗಲೇ ಹಾಕಿ ಆಗಿತ್ತು. ಲಾಯದ ಟ್ರೈನರ್ ಒಂದೊಂದೇ ಕೋಣೆ ಹೊಕ್ಕು ಮೊದಲು ನೋಡುತ್ತಿದ್ದದ್ದು ಕುದುರೆಯನ್ನಲ್ಲ, ಮೇವಿನ ತೊಟ್ಟಿಯನ್ನು. ಓಟ್ಸ್ ಮಿಕ್ಕಿದ್ದರೆ ಏನೋ ತೊಂದರೆ ಇದೆ ಎಂದು ಅರ್ಥ. ಆಮೇಲೆ ಬಾಗಿ ಮುಂಗಾಲಿನ ಹಿಂಬದಿಯ ಸ್ನಾಯುರಜ್ಜುವನ್ನು ಮೇಲಿಂದ ಕೆಳಕ್ಕೆ ಬೆರಳಲ್ಲಿ ಸವರುತ್ತಿದ್ದರು. ಬಿಸಿಯಿದೆಯೇ, ಊತವಿದೆಯೇ? ಅದು ಹರಿದರೆ ಕುದುರೆಗೆ ಒಂದು ವರ್ಷವೇ ಹೋಗಬಹುದು. ಕೆಲವು ಮತ್ತೆ ಓಡುವುದೇ ಇಲ್ಲ. ನನಗೂ ಮುಟ್ಟಿ ನೋಡಲು ಹೇಳಿದರು. ಒಂದು ಕಾಲು ಇನ್ನೊಂದಕ್ಕಿಂತ ಬೆಚ್ಚಗಿದೆ ಎಂದರು. ನನ್ನ ಕೈಗೆ ಎರಡೂ ಒಂದೇ.

ಜೀನು ಬಿಗಿದ ಮೊದಲ ಗುಂಪು ಹೊರಟಿತು. ಸವಾರರಲ್ಲಿ ಒಬ್ಬ ಬೆಂಗಳೂರಿನ ರೇಸ್‌ಕೋರ್ಸ್‌ನಲ್ಲಿ ಕೆಲಸ ಕಲಿತವನು. ಇಂಗ್ಲೆಂಡಿನ ಲಾಯಗಳಲ್ಲಿ ಭಾರತದ ಸವಾರರು ಈಗ ಅಪರೂಪವೇನಲ್ಲ. ಆದರೂ ಯಾರ್ಕ್‌ಶರ್‌ನ ಚಳಿಯಲ್ಲಿ, ಕುದುರೆಯ ಮೇಲಿಂದ “ಸ್ವಲ್ಪ ಹಿಂದಕ್ಕೆ ನಿಂತ್ಕೊಳ್ಳಿ ಸಾರ್, ಇವಳು ಒದೀತಾಳೆ” ಅನ್ನುವ ಮಾತು ಕಿವಿಗೆ ಬಿದ್ದಾಗ ಆದ ಸಂತೋಷವೇ ಬೇರೆ.

ಗುಂಪು ಊರ ರಸ್ತೆಯಲ್ಲೇ ನಡೆದು ಬಯಲಿಗೆ ಹೋಗುತ್ತದೆ. ಹಾಲಿನ ಗಾಡಿಯವನು ಎಂಜಿನ್ ಆರಿಸಿ ದಾರಿ ಬಿಟ್ಟ. ಬೆಂಗಳೂರಿನ ರೇಸ್‌ಕೋರ್ಸ್ ಬಲ್ಲವರಿಗೆ ಇದು ಹೊಸದಾಗಿ ಕಾಣುತ್ತದೆ. ಅಲ್ಲಿ ಲಾಯ, ಅಭ್ಯಾಸದ ಟ್ರ್ಯಾಕು, ಓಟದ ಟ್ರ್ಯಾಕು ಎಲ್ಲ ಒಂದೇ ಆವರಣದೊಳಗೆ. ಬ್ರಿಟನ್ನಿನಲ್ಲಿ ಕುದುರೆ ಇರುವ ಜಾಗ ಒಂದು, ಓಡುವ ಜಾಗ ಇನ್ನೊಂದು. ದೇಶದಲ್ಲಿ ಸುಮಾರು 60 ರೇಸ್‌ಕೋರ್ಸ್‌ಗಳಿವೆ, ಒಂದರಂತೆ ಒಂದಿಲ್ಲ. ಟ್ರೈನರ್ ಕೆಲಸದ ಕಷ್ಟವೆಲ್ಲ ಶುರುವಾಗುವುದು ಇಲ್ಲಿಂದಲೇ ಎಂದು ಆಮೇಲೆ ತಿಳಿಯಿತು.

ಬಯಲಿಗೆ ಲೋ ಮೂರ್ ಎಂದು ಹೆಸರು. ಹುಲ್ಲುಗಾವಲು, ಮರವಿಲ್ಲ, ಮುಖಕ್ಕೆ ಹೊಡೆಯುವ ಗಾಳಿ. ನಾವು ಜೀಪಿನಲ್ಲಿ ನಿಂತೆವು. ಕುದುರೆಗಳು ಜೋಡಿಜೋಡಿಯಾಗಿ ಏರು ಹತ್ತಿ ಬಂದವು. ಮೊದಲು ನೆಲ ನಡುಗಿತು, ಆಮೇಲೆ ಉಸಿರಿನ ಸದ್ದು ಕೇಳಿಸಿತು. ಟ್ರೈನರ್ ಕೈಯಲ್ಲಿ ಗಡಿಯಾರ ಇರಲಿಲ್ಲ. ಬೆಂಗಳೂರಿನಲ್ಲಿ ಬೆಳಗಿನ ಅಭ್ಯಾಸದಲ್ಲಿ ಯಾವ ಕುದುರೆ ಎಷ್ಟು ಸೆಕೆಂಡಿನಲ್ಲಿ ಓಡಿತೆಂದು ಪತ್ರಿಕೆಗಳಲ್ಲಿ ಅಚ್ಚಾಗುತ್ತದೆ. ಇಲ್ಲಿ ಅವರು ಕೇಳಿಸಿಕೊಳ್ಳುತ್ತಿದ್ದದ್ದು ಉಸಿರನ್ನು: ಏರಿನ ತುದಿ ಮುಟ್ಟಿದ ಮೇಲೆ ಅದು ಎಷ್ಟು ಬೇಗ ಹತೋಟಿಗೆ ಬರುತ್ತದೆ ಎಂಬುದನ್ನು. ಕೊನೆಯಲ್ಲಿ ಬಂದ ಕಂದು ಕುದುರೆ ಮಿಕ್ಕವಕ್ಕಿಂತ ಚುರುಕಾಗಿ ಓಡಿದಂತೆ ನನಗೆ ಕಂಡಿತು. ಅದು ನಿಜವಾಗಿಯೂ ವೇಗವಾಗಿತ್ತೋ, ಸವಾರ ಹಗುರವಾಗಿದ್ದನೋ, ಹೇಳಲಾರೆ.

ವಾಪಸು ಬಂದು ಮೈ ತೊಳೆಸಿ, ತೂಕದ ಹಲಗೆಯ ಮೇಲೆ ನಿಲ್ಲಿಸಿ, ಕುದುರೆಗಳನ್ನು ಒಳಗೆ ಕಟ್ಟಿದರು. ನಾವು ಆಫೀಸಿಗೆ ಹೋದೆವು. ಗೋಡೆ ತುಂಬ ಒಂದು ಬಿಳಿ ಬೋರ್ಡು. ಸೋಮವಾರದಿಂದ ಭಾನುವಾರದವರೆಗೆ ಏಳು ಅಂಕಣ, ಪ್ರತಿಯೊಂದರಲ್ಲೂ ಊರುಗಳ ಹೆಸರು: ಪಾಂಟಿಫ್ರಾಕ್ಟ್, ಚೆಸ್ಟರ್, ವುಲ್ವರ್‌ಹ್ಯಾಂಪ್ಟನ್, ಥರ್ಸ್ಕ್, ಯಾರ್ಕ್. ಒಂದೇ ಕುದುರೆಯ ಹೆಸರು ಮೂರು ಕಡೆ ಕಂಡು ನನಗೆ ಗೊಂದಲವಾಯಿತು.

ಅವರು ಬಿಡಿಸಿ ಹೇಳಿದರು. ಬಹುಪಾಲು ಓಟಗಳಿಗೆ ಐದಾರು ದಿನ ಮೊದಲೇ ಹೆಸರು ಕೊಡಬೇಕು. ಜಿಗಿತವಿಲ್ಲದ ಬಯಲೋಟವಾದರೆ ಎರಡು ದಿನ ಮುಂಚಿನ ಬೆಳಗ್ಗೆ 10 ಗಂಟೆಯೊಳಗೆ ‘ಖಂಡಿತ ಓಡುತ್ತದೆ’ ಎಂದು ಖಾತ್ರಿ ಕೊಡಬೇಕು. ಆ ನಡುವಿನ ದಿನಗಳೇ ಟ್ರೈನರ್‌ನ ವಾರ. ಅದರ ಮಧ್ಯೆ ಮಂಗಳವಾರ ಬೆಳಗ್ಗೆ ಕುದುರೆಗಳ ಸಾಮರ್ಥ್ಯ ಅಳೆಯುವ ಹ್ಯಾಂಡಿಕ್ಯಾಪ್ ಅಂಕಗಳ ಹೊಸ ಪಟ್ಟಿ ಬರುತ್ತದೆ. ಅಂಕವೆಂದರೆ ಪೌಂಡಿನ ಲೆಕ್ಕ. 82 ಅಂಕದ ಕುದುರೆ 72ರದಕ್ಕಿಂತ 10 ಪೌಂಡು, ಅಂದರೆ ಸುಮಾರು ನಾಲ್ಕೂವರೆ ಕಿಲೋ ಹೆಚ್ಚು ಹೊತ್ತು ಓಡಬೇಕು. ಒಂದು ಮೈಲಿಯ ಓಟದಲ್ಲಿ ಎರಡು ಪೌಂಡು ಸುಮಾರು ಒಂದು ಕುದುರೆಯ ಉದ್ದಕ್ಕೆ ಸಮ. ಗೆದ್ದರೆ ಸಾಮಾನ್ಯವಾಗಿ ಅಂಕ ಏರುತ್ತದೆ, ಸೋತರೆ ಇಳಿಯುತ್ತದೆ. ಹಾಗಾಗಿ ಗೆದ್ದ ಕುದುರೆಯ ಮುಂದಿನ ಓಟ ಕಷ್ಟವಾಗುತ್ತದೆ, ಸೋತದ್ದರದು ಸುಲಭವಾಗುತ್ತದೆ.

ಮೂರು ಕಡೆ ಹೆಸರಿದ್ದ ಕುದುರೆಯ ವಿಷಯ ಹೀಗಿತ್ತು. ಅದರದು ಉದ್ದುದ್ದ ಹೆಜ್ಜೆ. ಚೆಸ್ಟರಿನ ಟ್ರ್ಯಾಕು ಒಂದು ಮೈಲಿಗಿಂತ ಸ್ವಲ್ಪವೇ ಹೆಚ್ಚಿನ ಸುತ್ತು, ಉದ್ದಕ್ಕೂ ತಿರುವು. ಅಲ್ಲಿ ಒಳಗಿನ ಜಾಗ ಸಿಗದಿದ್ದರೆ ಇಂಥ ಕುದುರೆ ಹೊರಗೇ ಸುತ್ತಿ ಸುಸ್ತಾಗುತ್ತದೆ. ವುಲ್ವರ್‌ಹ್ಯಾಂಪ್ಟನ್‌ನಲ್ಲಿ ಮರಳು, ನಾರು, ಮೇಣ ಬೆರೆಸಿದ ನೆಲ. ಮಳೆಯ ಚಿಂತೆಯಿಲ್ಲ, ಸಂಜೆ ದೀಪದ ಬೆಳಕಿನಲ್ಲೂ ಓಟ ನಡೆಯುತ್ತದೆ, ಆದರೆ ತಿರುವು ಅಲ್ಲೂ ಬಿಗಿ. ಯಾರ್ಕ್‌ನ ಟ್ರ್ಯಾಕು ಅಗಲ, ಸಮತಟ್ಟು, ಈ ಕುದುರೆಗೆ ಹೇಳಿ ಮಾಡಿಸಿದಂಥದ್ದು. ಆದರೆ ಅದು ಜೇಡಿ ನೆಲ, ನೀರು ಬೇಗ ಇಂಗುವುದಿಲ್ಲ. ಶುಕ್ರವಾರ ಜೋರು ಮಳೆ ಬಂದರೆ ಶನಿವಾರ ಕಾಲು ಹೂತುಹೋಗುತ್ತದೆ. ಈ ಕುದುರೆಗೆ ಒದ್ದೆ ನೆಲ ಆಗದು.

ನಾವು ಮಾತಾಡುತ್ತಿದ್ದಾಗಲೇ ಆ ಕುದುರೆಯ ಮಾಲೀಕರ ಫೋನು ಬಂತು. ಅವರಿಗೆ ಯಾರ್ಕ್ ಬೇಕು, ಶನಿವಾರವೇ ಬೇಕು. ನೆಂಟರೆಲ್ಲ ಬರುತ್ತಾರಂತೆ. ಮೇವಿಗೆ, ಸವಾರನಿಗೆ, ವೈದ್ಯರಿಗೆ ಪ್ರತಿ ತಿಂಗಳು ದುಡ್ಡು ಕೊಡುವವರು ಅವರೇ, ಆಸೆ ಸಹಜ. ಟ್ರೈನರ್ ಸಮಾಧಾನವಾಗಿ, ಮಳೆಯ ಮುನ್ಸೂಚನೆ ನೋಡಿ ಗುರುವಾರ ಬೆಳಗ್ಗೆ ಹೇಳುತ್ತೇನೆ, ನೆಲ ಒದ್ದೆಯಾಗುವಂತಿದ್ದರೆ ಕಳಿಸುವುದಿಲ್ಲ ಎಂದರು. ನನ್ನ ಮಟ್ಟಿಗೆ ಆ ಬೆಳಗಿನ ಅತಿ ಕಷ್ಟದ ಕೆಲಸ ಅದೇ ಆಗಿತ್ತು. ಓಡಿಸುವುದನ್ನು ಎಲ್ಲರೂ ನೋಡುತ್ತಾರೆ. ಮೇವು ಬಿಟ್ಟದ್ದಕ್ಕೆ, ಕಾಲು ಬೆಚ್ಚಗಿದ್ದದ್ದಕ್ಕೆ, ನೆಲ ಸರಿಯಿಲ್ಲದ್ದಕ್ಕೆ ಓಡಿಸದೆ ಉಳಿಸಿಕೊಂಡ ಕುದುರೆಯ ಲೆಕ್ಕ ಯಾವ ಪಟ್ಟಿಯಲ್ಲೂ ಬರುವುದಿಲ್ಲ. ಆ ದಿನ ಬೋರ್ಡಿನಿಂದ ಅಳಿಸಿದ ಎರಡು ಹೆಸರೂ ಬೆಳಗ್ಗೆ ತೊಟ್ಟಿಯಲ್ಲಿ ಓಟ್ಸ್ ಬಿಟ್ಟ ಕುದುರೆಗಳವು.

ಹೊರಗೆ ಲಾರಿ ಸಿದ್ಧವಾಗುತ್ತಿತ್ತು. ಕುದುರೆಗೊಂದು ಪಾಸ್‌ಪೋರ್ಟು. ಕುತ್ತಿಗೆಯೊಳಗಿನ ಮೈಕ್ರೋಚಿಪ್ ಅದಕ್ಕೆ ತಾಳೆಯಾದರೆ ಮಾತ್ರ ರೇಸ್‌ಕೋರ್ಸ್‌ನಲ್ಲಿ ಒಳಗೆ ಬಿಡುತ್ತಾರೆ. ಬೆಂಗಳೂರಿನ ಹುಡುಗ ಬಕೆಟ್ಟು, ಕಂಬಳಿ, ಲಗಾಮು ತುಂಬುತ್ತಿದ್ದ. ಊರಿಗಿಂತ ಇಲ್ಲಿ ಏನು ಬೇರೆ ಎಂದು ಕೇಳಿದೆ. “ಅಲ್ಲಿ ರೇಸು ಮುಗಿದ್ರೆ ಕುದುರೆ ನಡ್ಕೊಂಡೇ ಕೋಣೆ ಸೇರ್ತಿತ್ತು ಸಾರ್. ಇಲ್ಲಿ ಅರ್ಧ ಜೀವನ ಲಾರೀಲೇ” ಎಂದ.

ಗುಡ್ ಫ್ರೈಡೇ ದಿನ ಈ ಊರಿನ ಲಾಯಗಳು ಸಾರ್ವಜನಿಕರಿಗೆ ಬಾಗಿಲು ತೆರೆಯುತ್ತವೆ. ಲೀಡ್ಸ್, ಮ್ಯಾಂಚೆಸ್ಟರ್ ಕಡೆಯ ಕನ್ನಡದ ಮನೆಗಳವರು ಮಕ್ಕಳನ್ನು ಕರೆದುಕೊಂಡು ಬರಬಹುದು. ಬೇರೆ ದಿನವಾದರೆ ಬೆಳಗ್ಗೆ ಬೇಗ ಬಂದು ರಸ್ತೆ ಬದಿಯಲ್ಲಿ ನಿಂತರೂ ಕುದುರೆಗಳ ಸಾಲು ಕಾಣಲು ಸಿಗುತ್ತದೆ. ಕಾರಿನಲ್ಲಿದ್ದರೆ ಎಂಜಿನ್ ಆರಿಸಿ, ಅವು ದಾಟುವವರೆಗೂ ಹಾರ್ನ್ ಮುಟ್ಟಬೇಡಿ.