ಕಪ್ಪುಕುಳಿಯನ್ನು ತಟ್ಟಿ ನೋಡಿದ ಕನ್ನಡಿಗ



ಬೇಸಿಗೆಯಲ್ಲಿ ನಮ್ಮ ಸನತ್‌ನಗರದಲ್ಲಿ ಮಣ್ಣಿನ ಮಡಕೆ ಕೊಳ್ಳುವಾಗ ನೀವೇನು ಮಾಡುತ್ತೀರಿ? ಬೆರಳಿನಿಂದ ತಟ್ಟಿ ಸದ್ದು ಕೇಳುತ್ತೀರಿ. ಕಣ್ಣಿಗೆ ಕಾಣದ ಬಿರುಕು ಕಿವಿಗೆ ತಿಳಿಯುತ್ತದೆ. ಆಕಾಶದ ಕಪ್ಪುಕುಳಿಯನ್ನೂ ಹೀಗೆ ಪರೀಕ್ಷಿಸಬಹುದೆಂದು ತೋರಿಸಿದವರು ಬೆಂಗಳೂರಿನ ಪ್ರೊ. ಸಿ. ವಿ. ವಿಶ್ವೇಶ್ವರ.

1935ರಲ್ಲಿ ಐನ್‌ಸ್ಟೈನ್ ಮತ್ತು ರೋಸೆನ್, ಗುರುತ್ವದ ಸಮೀಕರಣಗಳಲ್ಲಿ ಎರಡು ಬೇರೆ ಆಕಾಶಗಳನ್ನು ಜೋಡಿಸುವ ಸೇತುವೆಯೊಂದನ್ನು ಕಂಡರು. 1957ರಲ್ಲಿ ಮಿಸ್ನರ್ ಮತ್ತು ವೀಲರ್ ಇಂಥ ದಾರಿಯನ್ನು 'ವರ್ಮ್‌ಹೋಲ್' ಎಂದು ಕರೆದರು. ಸೀಬೆಹಣ್ಣಿನ ಒಂದು ಬದಿಯಿಂದ ಇನ್ನೊಂದು ಬದಿಗೆ ಹುಳು ಕೊರೆದ ಬಿಲವನ್ನು ನೆನೆಸಿಕೊಳ್ಳಿ. ಪರಮಾಣುವಿಗಿಂತಲೂ ಎಷ್ಟೋ ಕೋಟಿ ಪಾಲು ಸೂಕ್ಷ್ಮವಾದ ಮಟ್ಟದಲ್ಲಿ ಆಕಾಶವು ಹಾಲಿನ ನೊರೆಯಂತಿದ್ದು, ಅಲ್ಲಿ ಇಂಥ ಬಿಲಗಳು ಹುಟ್ಟಿ ಅಳಿಯುತ್ತಿರುತ್ತವೆ ಎಂಬುದು ವೀಲರ್ ಅವರ ಊಹೆ. 1983ರಲ್ಲಿ ಹಾರ್ಟಲ್ ಮತ್ತು ಹಾಕಿಂಗ್, ಪರಮಾಣುವಿಗಿರುವಂತೆ ಇಡೀ ವಿಶ್ವಕ್ಕೇ ಒಂದು ಕ್ವಾಂಟಂ ಸ್ಥಿತಿಯನ್ನು ಸೂಚಿಸಿದರು. ಆದರೆ ಗುರುತ್ವವನ್ನೂ ಕ್ವಾಂಟಂ ನಿಯಮಗಳನ್ನೂ ಒಂದುಗೂಡಿಸುವ ಪೂರ್ಣ ಸಿದ್ಧಾಂತ ಇನ್ನೂ ದೊರೆತಿಲ್ಲ. ಹಾಗಾದರೆ ಪುರಾವೆ ಎಲ್ಲಿಂದ ಬರಬೇಕು?

ಇಲ್ಲಿಯೇ ನಮ್ಮವರ ಕೆಲಸದ ಮಹತ್ವವಿದೆ. ಅಮೆರಿಕದ ಮೇರಿಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ ಅದೇ ಮಿಸ್ನರ್ ಅವರ ಶಿಷ್ಯರಾಗಿದ್ದ ವಿಶ್ವೇಶ್ವರ, ಕಪ್ಪುಕುಳಿಗೆ ಗುರುತ್ವದ ಅಲೆಯೊಂದು ತಾಗಿದರೆ ಏನಾದೀತೆಂದು ಲೆಕ್ಕ ಹಾಕಿದರು. ಹೊಡೆದ ಗಂಟೆಯಂತೆ ಅದು ಮಿಡಿದು, ಬೇಗನೆ ಶಾಂತವಾಗುತ್ತದೆಂದು 1970ರಲ್ಲಿ ಪ್ರಕಟಿಸಿದರು. ಇದು ಕಿವಿಗೆ ಕೇಳುವ ಸದ್ದಲ್ಲ, ಆಕಾಶವೇ ಹಿಗ್ಗಿ ಕುಗ್ಗುವ ಅಲೆ. ಆ ಮಿಡಿತದಿಂದ ಕಪ್ಪುಕುಳಿಯ ತೂಕವನ್ನೂ ತಿಳಿಯಬಹುದು.

2015ರ ಸೆಪ್ಟೆಂಬರ್ 14ರಂದು ಅಮೆರಿಕದ ಲೈಗೋ ಉಪಕರಣಗಳು, ಎರಡು ಕಪ್ಪುಕುಳಿಗಳು ಕೂಡಿಕೊಂಡಾಗ ಎದ್ದ ಅಲೆಯನ್ನು ಹಿಡಿದವು. ಅದರ ಕೊನೆಯ ಭಾಗ ಆ ಲೆಕ್ಕಕ್ಕೆ ಹೊಂದುವಂತೆಯೇ ಇತ್ತು. 2016ರ ಫೆಬ್ರವರಿಯಲ್ಲಿ ಸುದ್ದಿ ಪ್ರಕಟವಾದಾಗ ವಿಶ್ವೇಶ್ವರ ನಮ್ಮೊಡನಿದ್ದರು. 2017ರ ಜನವರಿಯಲ್ಲಿ ತೀರಿಕೊಂಡರು.

ನಾವು ಕಪ್ಪುಕುಳಿ ಎಂದುಕೊಂಡದ್ದು ವರ್ಮ್‌ಹೋಲ್ ಆಗಿದ್ದರೆ? ಮೊದಲ ಮಿಡಿತ ಹೆಚ್ಚುಕಡಿಮೆ ಹಾಗೆಯೇ ಇರುತ್ತದೆ. ಆದರೆ ಒಳಗೆ ಹೋದ ಅಲೆಯ ಒಂದು ಪಾಲು ಆಚೆಯ ಬಾಯಿಯ ಬಳಿ ತಿರುಗಿ, ಸ್ವಲ್ಪ ತಡವಾಗಿ ಪ್ರತಿಧ್ವನಿಯಾಗಿ ಬರಬೇಕು ಎಂದು 2016ರಲ್ಲಿ ಕೆಲವು ವಿಜ್ಞಾನಿಗಳು ತೋರಿಸಿದರು. ಈವರೆಗೆ ಎಲ್ಲರೂ ಒಪ್ಪುವಂಥ ಪ್ರತಿಧ್ವನಿ ಸಿಕ್ಕಿಲ್ಲ, ಹುಡುಕಾಟ ನಡೆದಿದೆ.

ಮುಂದಿನ ಸಲ ಬೆಂಗಳೂರಿಗೆ ಹೋದಾಗ ಮಕ್ಕಳನ್ನು ಜವಾಹರಲಾಲ್ ನೆಹರು ತಾರಾಲಯಕ್ಕೆ ಕರೆದೊಯ್ಯಿರಿ. 1989ರಲ್ಲಿ ಆರಂಭವಾದ ಆ ತಾರಾಲಯದ ಸ್ಥಾಪಕ ನಿರ್ದೇಶಕರು ಇವರೇ ಎಂದು ತಪ್ಪದೆ ಹೇಳಿ.