300 ಕಿಲೋದೊಳಗೆ ಒಂದು ಮಲಗುವ ಕೋಣೆ

ಕಾರು ಅಥವಾ ಜೀಪಿನ ಹಿಂದೆ ಕಟ್ಟಿ ಎಳೆದುಕೊಂಡು ಹೋಗುವ, ಇಬ್ಬರು ಮಲಗಬಹುದಾದ ಪುಟ್ಟ ಗಾಡಿಗೆ ಟಿಯರ್‌ಡ್ರಾಪ್ ಟ್ರೇಲರ್ ಎಂಬ ಹೆಸರಿದೆ. ಪಕ್ಕದಿಂದ ನೋಡಿದರೆ ಕಣ್ಣೀರಿನ ಹನಿಯನ್ನು ಅಡ್ಡ ಮಲಗಿಸಿದಂತೆ ಕಾಣುತ್ತದೆ. ಮುಂದೆ ಗುಂಡಗೆ, ಹಿಂದೆ ಇಳಿಜಾರು. ಅಮೆರಿಕದಲ್ಲಿ 1930ರ ದಶಕದಲ್ಲಿ ಜನ ಇದನ್ನು ಮನೆಯಲ್ಲೇ ಕಟ್ಟಿಕೊಳ್ಳಲು ಶುರುಮಾಡಿದರು. ಎರಡನೆಯ ಮಹಾಯುದ್ಧದ ನಂತರ ಇದು ಇನ್ನಷ್ಟು ಹಬ್ಬಿತು. 1947ರಲ್ಲಿ ಅಲ್ಲಿನ ಮೆಕ್ಯಾನಿಕ್ಸ್ ಇಲ್ಲಸ್ಟ್ರೇಟೆಡ್ ಎಂಬ ಪತ್ರಿಕೆ ಇದರ ನಕ್ಷೆಯನ್ನೇ ಅಚ್ಚು ಹಾಕಿತ್ತು.

ಇದು ದೂರದ ದೇಶದ ಶೋಕಿ ಎಂದು ಗೆಳೆಯರು ನಗಬಹುದು. ನನಗೆ ಇದರ ಮೇಲೆ ಆಸಕ್ತಿ ಬರಲು ಕಾರಣ ನಮ್ಮ ಮನೆಯಲ್ಲೇ ಇದೆ. ನಮ್ಮ ಮಾಮು ಉರುಸು ಮತ್ತು ಜಾತ್ರೆಗಳಲ್ಲಿ ಬಳೆ ಅಂಗಡಿ ಹಾಕುತ್ತಾರೆ. ಹುಲಗೂರಿನ ಉರುಸಿನಿಂದ ಹಿಡಿದು ಬಾದಾಮಿಯ ಬನಶಂಕರಿ ಜಾತ್ರೆಯವರೆಗೆ ಅವರ ತಿರುಗಾಟ. ರಾತ್ರಿ ಅಂಗಡಿಯ ಮುಂದೆ ತಾಡಪತ್ರಿ ಹಾಸಿ ಮಲಗುತ್ತಾರೆ. ಹೆಣ್ಣುಮಕ್ಕಳಿಗೆ ಬಳೆ ತೊಡಿಸುವವರು ನಮ್ಮ ಮಾಮಿ. ಮಲಗಲು ಮರೆಯಾದ ಜಾಗ ಇಲ್ಲವೆಂದು ಅವರು ಈಗ ದೂರದ ಜಾತ್ರೆಗಳಿಗೆ ಹೋಗುವುದನ್ನು ಬಿಟ್ಟಿದ್ದಾರೆ. ಮಾಮಿ ಬರದಿದ್ದರೆ ಅಂಗಡಿಯಲ್ಲಿ ಅರ್ಧ ವ್ಯಾಪಾರವೂ ಆಗುವುದಿಲ್ಲ. ಬಾಗಿಲು ಹಾಕಿಕೊಳ್ಳಬಹುದಾದ ಆರು ಅಡಿ ಜಾಗ ಸಿಕ್ಕರೆ ಸಾಕು, ಅವರು ಮತ್ತೆ ಜೊತೆಗೆ ಹೋಗಬಹುದು. ಆ ಆರು ಅಡಿಗಾಗಿ ನಾನು ಲೆಕ್ಕ ಹಾಕುತ್ತಾ ಕುಳಿತೆ. ಆ ಲೆಕ್ಕವನ್ನೇ ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ಹಿರಿಯರ ಟ್ರೇಲರ್

ಗೊಟಗೋಡಿಯ ಉತ್ಸವ ರಾಕ್ ಗಾರ್ಡನ್ನಿಗೆ ಹೋದವರೆಲ್ಲ ನಮ್ಮ ಸೀಮೆಯ ಹಳ್ಳಿಯ ಬದುಕನ್ನು ಜೀವಗಾತ್ರದ ಶಿಲ್ಪಗಳಲ್ಲಿ ನೋಡಿದ್ದೀರಿ. ಕಲಾವಿದ ಟಿ. ಬಿ. ಸೊಲಬಕ್ಕನವರ್ ಕಲ್ಪಿಸಿ ಕಟ್ಟಿದ ತಾಣ ಅದು. ಅದೇ ಊರಿನಲ್ಲಿ 2011ರಲ್ಲಿ ಕರ್ನಾಟಕ ಜಾನಪದ ವಿಶ್ವವಿದ್ಯಾಲಯವೂ ಆರಂಭವಾಯಿತು. ಜಾನಪದ ಎಂದರೆ ಹಾಡು, ಕುಣಿತ ಮಾತ್ರ ಎಂದುಕೊಳ್ಳುತ್ತೇವೆ. ಆದರೆ ಬಡಿಗೇರ ಮತ್ತು ಕಮ್ಮಾರರ ಲೆಕ್ಕಾಚಾರವೂ ಜಾನಪದವೇ.

ಸವಾರಿ ಬಂಡಿಯನ್ನು ನೆನಪಿಸಿಕೊಳ್ಳಿ. ಬಂಡಿಯ ಮೇಲೆ ಬಿದಿರಿನ ಸೀಳುಗಳನ್ನು ಕಮಾನಿನಂತೆ ಬಗ್ಗಿಸಿ, ಅದರ ಮೇಲೆ ಚಾಪೆ ಹೊದಿಸುತ್ತಿದ್ದರು. ಕೆಳಗೆ ಹುಲ್ಲು, ಅದರ ಮೇಲೆ ಜಮಖಾನ. ಮನೆಮಂದಿಯೆಲ್ಲ ಅದರಲ್ಲೇ ಜಾತ್ರೆಗೆ ಹೋಗಿ, ಅದರಲ್ಲೇ ಮಲಗಿ, ಅದರ ಪಕ್ಕದಲ್ಲೇ ಒಲೆ ಹೂಡಿ ಉಂಡು ಬರುತ್ತಿದ್ದರು. ಎರಡು ಗಾಲಿ, ಒಂದು ಅಚ್ಚು, ಮುಂದೆ ಚಾಚಿದ ಮೂಕಿ, ಮೇಲೆ ಬಾಗಿದ ಹಗುರ ಛಾವಣಿ. ಟಿಯರ್‌ಡ್ರಾಪ್ ಟ್ರೇಲರಿನ ಅಂಗಗಳೂ ಇವೇ. ಎತ್ತಿನ ಜಾಗಕ್ಕೆ ಜೀಪು ಬಂದಿದೆ.

ಬಂಡಿ ಹೂಡುವವರು ಮೊದಲು ನೋಡುತ್ತಿದ್ದದ್ದು ಮುಂಭಾರ, ಹಿಂಭಾರ. ಹಿಂದೆ ಭಾರ ಹೆಚ್ಚಾದರೆ ನೊಗ ಮೇಲೆದ್ದು ಎತ್ತುಗಳ ಕೊರಳಿಗೆ ಬಿಗಿಯುತ್ತದೆ. ಮುಂದೆ ಭಾರ ಹೆಚ್ಚಾದರೆ ಹೆಗಲು ಒತ್ತಿ ಹುಣ್ಣಾಗುತ್ತದೆ. ಆದ್ದರಿಂದ ಭಾರವನ್ನು ಅಚ್ಚಿನ ಸುತ್ತ ಹೊಂದಿಸಿ, ಸ್ವಲ್ಪ ಮಾತ್ರ ಮುಂದಕ್ಕೆ ಬೀಳುವಂತೆ ಹೇರುತ್ತಿದ್ದರು. ಟ್ರೇಲರ್ ಕಟ್ಟುವವರು ಕಲಿಯಬೇಕಾದ ಮೊದಲ ಪಾಠವೂ ಇದೇ.

ಮುಂಭಾರದ ಲೆಕ್ಕ

ಪ್ರಥಮ ಪಿಯುಸಿಯಲ್ಲಿ ನಾವು ಟಾರ್ಕ್ ಮತ್ತು ದ್ರವ್ಯರಾಶಿ ಕೇಂದ್ರ ಓದಿದ್ದೇವೆ. ಅದನ್ನು ಇಲ್ಲಿ ನೇರವಾಗಿ ಬಳಸಬಹುದು. ಟ್ರೇಲರಿನ ಒಟ್ಟು ತೂಕದಲ್ಲಿ ಶೇ. 10ರಿಂದ 15ರಷ್ಟು ಕೊಂಡಿಯ ಮೇಲೆ ಬೀಳಬೇಕು ಎಂಬುದು ಅಮೆರಿಕದಲ್ಲಿ ಬಳಕೆಯಲ್ಲಿರುವ ನಿಯಮ.

ನನ್ನ ನಕ್ಷೆಯಲ್ಲಿ ಒಟ್ಟು ತೂಕ 300 ಕಿಲೋ. ಕೊಂಡಿಯಿಂದ ಅಚ್ಚಿಗೆ 3 ಮೀಟರ್ ದೂರ. ಕೊಂಡಿಯ ಮೇಲೆ ಶೇ. 12, ಅಂದರೆ 36 ಕಿಲೋ ಬೇಕು ಎಂದುಕೊಳ್ಳೋಣ. ಅಚ್ಚನ್ನು ಆಧಾರಬಿಂದುವಾಗಿ ಹಿಡಿದರೆ ಒಂದು ಕಡೆ 36 ಗುಣಿಸು 3, ಅಂದರೆ 108. ಇನ್ನೊಂದು ಕಡೆ 300 ಗುಣಿಸು ದ್ರವ್ಯರಾಶಿ ಕೇಂದ್ರದ ದೂರ. ಎರಡೂ ಸಮನಾಗಬೇಕಾದರೆ ಆ ದೂರ 0.36 ಮೀಟರ್. ಅಂದರೆ ದ್ರವ್ಯರಾಶಿ ಕೇಂದ್ರ ಅಚ್ಚಿಗಿಂತ 36 ಸೆಂಟಿಮೀಟರ್ ಮುಂದೆ ಇರಬೇಕು. ಸುಮಾರು ಒಂದೂವರೆ ಗೇಣು, ಅಷ್ಟೇ.

ಈಗ 20 ಲೀಟರ್ ನೀರಿನ ಕ್ಯಾನನ್ನು ಅಚ್ಚಿನ ಹಿಂದೆ 1 ಮೀಟರ್ ದೂರದಲ್ಲಿ ಇಟ್ಟರೆ, ಅದೊಂದೇ ಕೊಂಡಿಯ ಮೇಲಿನ ಭಾರವನ್ನು 6.7 ಕಿಲೋ ಕಡಿಮೆ ಮಾಡುತ್ತದೆ. ಅದೇ ಕ್ಯಾನನ್ನು ಅಚ್ಚಿನ ಮುಂದೆ ಅರ್ಧ ಮೀಟರಿಗೆ ತಂದರೆ 3.3 ಕಿಲೋ ಹೆಚ್ಚಾಗುತ್ತದೆ. ಒಂದು ಕ್ಯಾನ್ ಸರಿಸಿದ್ದಕ್ಕೆ 10 ಕಿಲೋ ವ್ಯತ್ಯಾಸ! ಅಡುಗೆ ಸಾಮಾನಿನ ಕಪಾಟು ಇಂಥ ಗಾಡಿಗಳಲ್ಲಿ ಹಿಂಬದಿಯಲ್ಲಿರುತ್ತದೆ. ಆದ್ದರಿಂದ ಅಲ್ಲಿ ಪಾತ್ರೆ, ಸ್ಟವ್ ಮಾತ್ರ ಇಟ್ಟು, ನೀರು ಮತ್ತು ಬ್ಯಾಟರಿಯನ್ನು ಅಚ್ಚಿನ ಮುಂದೆ ಇಡಬೇಕು.

ಹಿಂಭಾರವಾದರೆ ಜೀಪಿಗೆ ಹೆಗಲು ಹುಣ್ಣಾಗುವುದಿಲ್ಲ ನಿಜ. ಆದರೆ ವೇಗ ಹೆಚ್ಚಿದಂತೆ ಟ್ರೇಲರ್ ಬಾಲ ಬೀಸತೊಡಗುತ್ತದೆ. ಪ್ರತಿ ಬೀಸಿಗೂ ಓಲಾಟ ಹೆಚ್ಚಾಗಿ ಕೊನೆಗೆ ಮುಂದಿನ ವಾಹನವನ್ನೇ ಎಳೆದು ತಿರುಗಿಸಬಲ್ಲದು. ಪುಣೆ–ಬೆಂಗಳೂರು ಹೆದ್ದಾರಿಯಲ್ಲಿ ಲಾರಿಗಳ ನಡುವೆ ಹಾಗಾದರೆ ಏನಾಗುತ್ತದೆ ಎಂದು ಹೇಳಬೇಕಾಗಿಲ್ಲ.

ತೂಕದ ಪಟ್ಟಿ

ಕಬ್ಬಿಣ ಕೊಳ್ಳುವ ಮೊದಲು ತೂಕದ ಪಟ್ಟಿ ಬರೆಯಬೇಕು. ಈ ಗಾಡಿಯ ಅಳತೆ ಹುಟ್ಟಿದ್ದೇ ಪ್ಲೈವುಡ್ ಹಾಳೆಯಿಂದ. ನಮ್ಮಲ್ಲಿಯೂ ಹಾಳೆ 8 ಅಡಿ ಉದ್ದ, 4 ಅಡಿ ಅಗಲ. ನೆಲಕ್ಕೆ ಒಂದು ಹಾಳೆ, ಎರಡು ಬದಿಗಳಿಗೆ ಎರಡು ಹಾಳೆ. ಪ್ಲೈವುಡ್ ಘನಮೀಟರಿಗೆ ಸುಮಾರು 600 ಕಿಲೋ ತೂಗುತ್ತದೆ ಎಂದು ಹಿಡಿದರೆ 12 ಮಿಲಿಮೀಟರ್ ದಪ್ಪದ ಒಂದು ಹಾಳೆ 21 ಕಿಲೋ. ನನ್ನ ಪಟ್ಟಿ ಹೀಗಿದೆ:

ಕಬ್ಬಿಣದ ಚೌಕಟ್ಟು, 40 ಮಿಲಿಮೀಟರ್ ಚೌಕ ಕೊಳವೆ, ಸುಮಾರು 11 ಮೀಟರ್ – 38 ಕಿಲೋ
ಅಚ್ಚು, ಪಟ್ಟಿ ಸ್ಪ್ರಿಂಗ್, ಎರಡು ಗಾಲಿ – 60 ಕಿಲೋ
ನೆಲ – 21 ಕಿಲೋ
ಎರಡು ಬದಿಗಳು, ಮೂಲೆ ಕತ್ತರಿಸಿದ ಮೇಲೆ – 36 ಕಿಲೋ
ಬಾಗು ಛಾವಣಿ, ಅಡ್ಡಪಟ್ಟಿ, ತೆಳು ಅಲ್ಯೂಮಿನಿಯಂ ಹೊದಿಕೆ – 32 ಕಿಲೋ
ಬಾಗಿಲು, ಹಿಂಬದಿ ಮುಚ್ಚಳ, ಕಪಾಟು – 30 ಕಿಲೋ
ಬ್ಯಾಟರಿ, ದೀಪ, ತಂತಿ – 13 ಕಿಲೋ

ಒಟ್ಟು 230 ಕಿಲೋ. ಇದಕ್ಕೆ ಹಾಸಿಗೆ 10, ನೀರು 20, ಸಾಮಾನು 40 ಸೇರಿದರೆ 300. ಬಳೆ ಪೆಟ್ಟಿಗೆಗಳು ಜೀಪಿನಲ್ಲೇ ಇರುತ್ತವೆ.

ಗಟ್ಟಿಯಾಗಿರಲಿ ಎಂದು ನೆಲಕ್ಕೂ ಬದಿಗಳಿಗೂ 18 ಮಿಲಿಮೀಟರ್ ಪ್ಲೈವುಡ್ ಹಾಕಿದರೆ 28 ಕಿಲೋ ಸುಮ್ಮನೆ ಹೆಚ್ಚುತ್ತದೆ. ಹೆಚ್ಚಿದ ಭಾರಕ್ಕೆ ದಪ್ಪ ಸ್ಪ್ರಿಂಗ್, ಅದಕ್ಕೆ ದಪ್ಪ ಚೌಕಟ್ಟು ಎಂದು ಭಾರ ಭಾರವನ್ನೇ ಹೆರುತ್ತಾ ಹೋಗುತ್ತದೆ. ಬಲ ಬರುವುದು ದಪ್ಪದಿಂದಷ್ಟೇ ಅಲ್ಲ, ಆಕಾರದಿಂದಲೂ. ಬಿದಿರಿನ ಸೀಳು ಬಾಗಿದ ಮೇಲೆ ಚಾಪೆಯ ಭಾರ ತಡೆಯುವಂತೆ, 4 ಮಿಲಿಮೀಟರಿನ ತೆಳು ಹಾಳೆ ಅಡ್ಡಪಟ್ಟಿಗಳ ಮೇಲೆ ಬಾಗಿ ಕುಳಿತಾಗ ಗಟ್ಟಿಯಾದ ಛಾವಣಿಯಾಗುತ್ತದೆ.

ನಕ್ಷೆ ತೆಗೆಯುವ ಬಗೆ

ಮೊದಲು ಗ್ರಾಫ್ ಹಾಳೆಯಲ್ಲಿ 1 ಸೆಂಟಿಮೀಟರಿಗೆ 10 ಸೆಂಟಿಮೀಟರ್ ಎಂಬ ಪ್ರಮಾಣದಲ್ಲಿ ಬದಿಯ ಚಿತ್ರ ಬರೆಯಿರಿ. ಗಾಡಿಯ ಒಳಗೆ ನಿಲ್ಲಲು ಆಗುವುದಿಲ್ಲ, ನಿಲ್ಲುವ ಅಗತ್ಯವೂ ಇಲ್ಲ. 4 ಅಡಿ ಎತ್ತರದಲ್ಲಿ ಆರಾಮಾಗಿ ಕೂರಬಹುದು. ಮಲಗಿದಾಗ ಕಾಲುಗಳು ಹಿಂಬದಿ ಕಪಾಟಿನ ಕೆಳಗೆ ಹೋಗುತ್ತವೆ. ಹೀಗೆ 8 ಅಡಿಯೊಳಗೆ ಹಾಸಿಗೆಯೂ ಅಡುಗೆಮನೆಯೂ ಹಿಡಿಸುತ್ತವೆ. ನೆಲದಿಂದ 45 ಸೆಂಟಿಮೀಟರ್ ಮೇಲೆ ಗಾಡಿ ಕುಳಿತರೆ ಒಟ್ಟು ಎತ್ತರ 1.67 ಮೀಟರ್. ಜೀಪಿನ ಎತ್ತರ ದಾಟುವುದಿಲ್ಲವಾದ್ದರಿಂದ ಗಾಳಿಯ ಹೊಡೆತ ಕಡಿಮೆ. ಗಾಳಿಯ ತಡೆ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಗಂಟೆಗೆ 40 ಕಿಲೋಮೀಟರಿನಿಂದ 80ಕ್ಕೆ ಏರಿದರೆ ತಡೆ ಎರಡು ಪಟ್ಟಲ್ಲ, ನಾಲ್ಕು ಪಟ್ಟು. ಗುಂಡು ಮುಂಭಾಗ, ಇಳಿಜಾರು ಹಿಂಭಾಗಕ್ಕೆ ಬೆಲೆ ಇರುವುದು ಇಲ್ಲಿಯೇ.

ಪ್ಲೈವುಡ್ ಮೇಲೆ ದೊಡ್ಡ ಬಾಗು ಎಳೆಯಲು ಕೈವಾರ ಸಾಲದು. ನಾಲ್ಕೈದು ಮೊಳೆ ಹೊಡೆದು, ಅವುಗಳಿಗೆ ತಾಗುವಂತೆ ತೆಳು ಬಿದಿರಿನ ಸೀಳನ್ನು ಬಗ್ಗಿಸಿ, ಅದರ ಗುಂಟ ಪೆನ್ಸಿಲ್ ಎಳೆದರೆ ನುಣುಪಾದ ಗೆರೆ ಬರುತ್ತದೆ. ಒಂದು ಬದಿ ಕತ್ತರಿಸಿದ ಮೇಲೆ ಅದನ್ನೇ ಅಚ್ಚಾಗಿ ಇಟ್ಟು ಎರಡನೆಯದನ್ನು ಕತ್ತರಿಸಬೇಕು.

ಬದಿಯ ಹಲಗೆಯ ದ್ರವ್ಯರಾಶಿ ಕೇಂದ್ರ ಹುಡುಕಲು ನಮ್ಮ ಪ್ರಯೋಗಾಲಯದ ಹಳೆಯ ಉಪಾಯವೇ ಸಾಕು. ಆ ಆಕಾರವನ್ನು ರಟ್ಟಿನಲ್ಲಿ ಕತ್ತರಿಸಿ, ಒಂದು ಮೂಲೆಯಿಂದ ತೂಗುಬಿಟ್ಟು, ತೂಕದ ದಾರ ಇಳಿಬಿಟ್ಟು ಗೆರೆ ಹಾಕಿ. ಬೇರೆ ಮೂಲೆಯಿಂದ ಮತ್ತೊಮ್ಮೆ. ಎರಡು ಗೆರೆ ಕೂಡುವ ಜಾಗವೇ ಕೇಂದ್ರ. ಉಳಿದ ಸಾಮಾನುಗಳ ತೂಕ ಮತ್ತು ಅಚ್ಚಿನಿಂದ ಅವುಗಳ ದೂರ ಬರೆದು ಗುಣಿಸಿ ಕೂಡಿದರೆ ಅಚ್ಚನ್ನು ಎಲ್ಲಿ ಕೂರಿಸಬೇಕೆಂದು ತಿಳಿಯುತ್ತದೆ. ಗಾಡಿ ಸಿದ್ಧವಾದ ಮೇಲೆ ಕೊಂಡಿಯನ್ನು ತೂಕದ ಯಂತ್ರದ ಮೇಲಿಟ್ಟು ಪರೀಕ್ಷಿಸಲೇಬೇಕು. ಕಾಗದದ ಲೆಕ್ಕ ಅಂದಾಜು ಮಾತ್ರ, ಯಂತ್ರ ತೋರಿಸುವ ಅಂಕಿಯೇ ಕೊನೆಯದು.

ನೀರು ಮತ್ತು ಉಸಿರು

ಹಾನಗಲ್ಲಿನ ಕಡೆಗೆ ಹೋದಂತೆ ಮಲೆನಾಡಿನ ಮಳೆ ಶುರುವಾಗುತ್ತದೆ. ಪ್ಲೈವುಡ್ಡಿಗೆ ಶತ್ರು ಅದರ ಅಂಚಿನಿಂದ ಒಳಗಿಳಿಯುವ ನೀರು. ಐಎಸ್ 710 ಗುರುತಿನ ಮರೈನ್ ಪ್ಲೈವುಡ್ ತಂದು, ಕತ್ತರಿಸಿದ ಅಂಚುಗಳಿಗೆಲ್ಲ ಎಪಾಕ್ಸಿ ಬಳಿಯಬೇಕು. ಛಾವಣಿಯ ಹೊದಿಕೆಯ ಕೂಡುಗಳಲ್ಲಿ, ಹಂಚು ಹೊದಿಸಿದಂತೆ, ಮೇಲಿನ ಹಾಳೆ ಕೆಳಗಿನದರ ಮೇಲೆ ಬರಬೇಕು.

ಒಳಗಿನಿಂದಲೂ ನೀರು ಬರುತ್ತದೆ. ಇಬ್ಬರು ರಾತ್ರಿಯಿಡೀ ಉಸಿರಾಡಿದರೆ ಆ ತೇವ ತಣ್ಣನೆಯ ಛಾವಣಿಗೆ ತಾಗಿ ಹನಿಯಾಗುತ್ತದೆ. ಆದ್ದರಿಂದ ಕೆಳಗೊಂದು, ಮೇಲೊಂದು ಗಾಳಿಕಿಂಡಿ ಸದಾ ತೆರೆದಿರಬೇಕು. ಇನ್ನೂ ಮುಖ್ಯವಾದ ಮಾತು: ಬನಶಂಕರಿ ಜಾತ್ರೆ ಚಳಿಗಾಲದಲ್ಲಿ ಬರುತ್ತದೆ. ಚಳಿ ಎಂದು ಕೆಂಡದ ಶೆಗಡಿಯನ್ನಾಗಲಿ, ಸ್ಟವ್ ಅನ್ನಾಗಲಿ ಒಳಗೆ ತರಲೇಬಾರದು. ಅದರಿಂದ ಬರುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಇಷ್ಟು ಸಣ್ಣ ಕೋಣೆಯಲ್ಲಿ ಮಲಗಿದವರು ಏಳುವುದೇ ಇಲ್ಲ. ಅಡುಗೆಮನೆಯನ್ನು ಹಿಂಬದಿಯಲ್ಲಿ, ಹೊರಗೆ ನಿಂತು ಬೇಯಿಸುವಂತೆ ಮಾಡಿರುವುದರ ಲಾಭ ಇದು.

ರಸ್ತೆಗೆ ಇಳಿಸುವ ಮುನ್ನ

ನಮ್ಮ ದೇಶದ 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಟ್ರೇಲರ್ ಕೂಡ ಮೋಟಾರು ವಾಹನವೇ. ಎಂಜಿನ್ ಇಲ್ಲದಿದ್ದರೂ ನೋಂದಣಿ ಬೇಕು. ಮನೆಯಲ್ಲಿ ಕಟ್ಟಿದ್ದೇವೆಂದು ಹಾಗೆಯೇ ಸಾರ್ವಜನಿಕ ರಸ್ತೆಗೆ ತರುವಂತಿಲ್ಲ. ನಮ್ಮ ಜಿಲ್ಲೆಯವರು ಬೆಸುಗೆ ಹಾಕಿಸುವ ಮೊದಲೇ ನಕ್ಷೆ ಹಿಡಿದು ಹಾವೇರಿಯ ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಬೇಕು. ಎಳೆಯುವ ವಾಹನಕ್ಕೆ ಅದರ ತಯಾರಕರು ಎಷ್ಟು ಭಾರ ಎಳೆಯಲು ಒಪ್ಪಿದ್ದಾರೆ ಎಂಬುದನ್ನೂ ನೋಡಬೇಕು. ಬ್ರೇಕ್ ದೀಪ, ತಿರುವು ದೀಪ, ಪ್ರತಿಫಲಕ, ಕೊಂಡಿ ಕಳಚಿದರೆ ಹಿಡಿದಿಡುವ ಸರಪಳಿ ಎಲ್ಲವೂ ಬೇಕು. ಚೌಕಟ್ಟಿನ ಬೆಸುಗೆಯನ್ನು ಟ್ರ್ಯಾಕ್ಟರ್ ಟ್ರೇಲರ್ ಮಾಡುವ ಅನುಭವಿಗಳ ಕೈಗೇ ಕೊಡುವುದು ಒಳ್ಳೆಯದು.

ಮಾಮು ಈ ಲೆಕ್ಕವನ್ನೆಲ್ಲ ಕೇಳಿ ಒಂದೇ ಪ್ರಶ್ನೆ ಕೇಳಿದರು: 'ಒಳಗಿನಿಂದ ಚಿಲಕ ಇದೆಯೇನು?' ಅಲ್ಲಿಯವರೆಗೆ ನಕ್ಷೆಯಲ್ಲಿ ಚಿಲಕದ ಗುರುತು ಇರಲಿಲ್ಲ. ಈಗ ಎರಡು ಬಾಗಿಲಿಗೂ ಇದೆ.

ಸದ್ಯ ನಾನು ಹತ್ತನೆಯ ಒಂದು ಅಳತೆಯ ಮಾದರಿ ಮಾಡಿದ್ದೇನೆ. ಉದ್ದ 24 ಸೆಂಟಿಮೀಟರ್. ಆಟಿಕೆ ಜೀಪಿನ ಹಿಂದೆ ಕಟ್ಟಿ, ಒಂದು ಸೆಲ್ಲನ್ನು ಅಚ್ಚಿನ ಮುಂದೆ ಇಟ್ಟು ವರಾಂಡದಲ್ಲಿ ಜೋರಾಗಿ ಎಳೆದರೆ ನೆಟ್ಟಗೆ ಬರುತ್ತದೆ. ಅದೇ ಸೆಲ್ಲನ್ನು ಹಿಂದಕ್ಕೆ ಸರಿಸಿದರೆ ಬಾಲ ಬೀಸುತ್ತದೆ. ಭೌತಶಾಸ್ತ್ರ ಪ್ರಯೋಗಾಲಯದಲ್ಲಿ ಈ ಮಾದರಿಯನ್ನು ಇಟ್ಟಿದ್ದೇನೆ, ಬಂದು ಎಳೆದು ನೋಡಿ. ನಮ್ಮ ಕಾಲೇಜಿನಲ್ಲಿ ಬಡಿಗತನದ ಮನೆಯವರಿದ್ದಾರೆ, ಗ್ಯಾರೇಜಿನ ಮನೆಯವರಿದ್ದಾರೆ. ನನ್ನ ತೂಕದ ಪಟ್ಟಿಯಲ್ಲಿ 10 ಕಿಲೋ ಇಳಿಸುವ ದಾರಿ ಯಾರಿಗಾದರೂ ಹೊಳೆದರೆ ದಯವಿಟ್ಟು ಹೇಳಿ.