ಮುಚ್ಚಿದ್ದು ಮಳಿಗೆ, ಉಳಿದದ್ದು ನೌಕರಿ

ದೊಡ್ಡ ಕಂಪನಿಯೊಂದು ತನ್ನ ಶಾಖೆಗಳನ್ನು ಮುಚ್ಚುತ್ತಿದೆ ಎಂಬ ಸುದ್ದಿ ಬಂದೊಡನೆ ನಾವು ಕೇಳುವ ಮೊದಲ ಪ್ರಶ್ನೆ, ಎಷ್ಟು ಮಂದಿ ಕೆಲಸ ಕಳೆದುಕೊಂಡರು ಎಂಬುದು. ಪ್ರಶ್ನೆ ಸಹಜವಾದದ್ದೇ. ಆದರೆ ಅಮೆರಿಕದ ಫಾಸ್ಟೆನಲ್ ಕಂಪನಿಯ ಲೆಕ್ಕಪತ್ರವನ್ನು ಎದುರಿಗಿಟ್ಟುಕೊಂಡು ಕೂತರೆ ಈ ಪ್ರಶ್ನೆಯೇ ತಬ್ಬಿಬ್ಬಾಗುತ್ತದೆ. 2013ರ ಕೊನೆಯಲ್ಲಿ ಈ ಕಂಪನಿಗೆ 2,687 ಮಳಿಗೆಗಳಿದ್ದವು. 2024ರ ಕೊನೆಯ ಹೊತ್ತಿಗೆ ಉಳಿದದ್ದು ಸುಮಾರು 1,600. ಅಂದರೆ ಹತ್ತರಲ್ಲಿ ನಾಲ್ಕು ಇಲ್ಲವಾದವು. ಇದೇ ಅವಧಿಯಲ್ಲಿ ವಾರ್ಷಿಕ ವಹಿವಾಟು ಸುಮಾರು 330 ಕೋಟಿ ಡಾಲರಿನಿಂದ 750 ಕೋಟಿ ಡಾಲರಿಗೆ ಏರಿತು. ನೌಕರರ ಸಂಖ್ಯೆ 17 ಸಾವಿರದ ಆಸುಪಾಸಿನಿಂದ 23 ಸಾವಿರವನ್ನು ದಾಟಿತು. ಮಳಿಗೆಗಳು ಹೋದವು, ನೌಕರಿಗಳು ಹೆಚ್ಚಿದವು. ಹಾಗಾದರೆ ಕಳೆದುಹೋದದ್ದು ಏನೂ ಇಲ್ಲವೇ?

ಫಾಸ್ಟೆನಲ್ ಎಂಬ ಹೆಸರು ನಮ್ಮಲ್ಲಿ ಹೆಚ್ಚು ಮಂದಿಗೆ ಪರಿಚಿತವಲ್ಲ. ಅದು ಏನನ್ನೂ ದೊಡ್ಡದಾಗಿ ತಯಾರಿಸುವುದಿಲ್ಲ. ಕಾರ್ಖಾನೆಗಳು ನಡೆಯಲು ಬೇಕಾದ ನಟ್ಟು, ಬೋಲ್ಟು, ವಾಷರ್, ಡ್ರಿಲ್ ಬಿಟ್, ಕೈಗವಸು, ಸುರಕ್ಷಾ ಕನ್ನಡಕಗಳಂಥ ಸಾಮಗ್ರಿಯನ್ನು ಎಲ್ಲೆಲ್ಲಿಂದಲೋ ತರಿಸಿ, ಬೇಕಾದವರ ಕೈಗೆ ಬೇಕಾದ ಹೊತ್ತಿಗೆ ತಲುಪಿಸುವುದು ಅದರ ಕಸುಬು. ಬೆಂಗಳೂರಿನ ಎಸ್.ಪಿ. ರಸ್ತೆಯ ಹಾರ್ಡ್‌ವೇರ್ ಅಂಗಡಿಯವರು ಮಾಡುವ ಕೆಲಸವೇ. ಪ್ರಮಾಣ ಮಾತ್ರ ಊಹೆಗೆ ಮೀರಿದ್ದು. ಎರಡು ರೂಪಾಯಿಯ ಬೋಲ್ಟು ಸಿಗದೆ ಎರಡು ಕೋಟಿಯ ಯಂತ್ರ ನಿಂತುಹೋಗುವ ಸಂಕಟವನ್ನು ಬಲ್ಲವರಿಗೆ ಈ ವ್ಯಾಪಾರದ ಮಹತ್ವವನ್ನು ವಿವರಿಸಬೇಕಿಲ್ಲ.

ಕಂಪನಿ ಹುಟ್ಟಿದ್ದು 1967ರಲ್ಲಿ, ಮಿನ್ನೆಸೋಟ ರಾಜ್ಯದ ವಿನೋನಾ ಎಂಬಲ್ಲಿ. ಮಿಸಿಸಿಪ್ಪಿ ನದಿಯ ದಡದ ಈ ಸಣ್ಣ ಊರಿನ ಜನಸಂಖ್ಯೆ ಇಂದಿಗೂ ಮೂವತ್ತು ಸಾವಿರವನ್ನು ಮುಟ್ಟಿಲ್ಲ. ಸ್ಥಾಪಕ ಬಾಬ್ ಕಿಯರ್ಲಿನ್ ಅವರ ತಂದೆಗೆ ಅಲ್ಲಿ ವಾಹನ ಬಿಡಿಭಾಗಗಳ ಅಂಗಡಿಯಿತ್ತು. ಒಂದು ಬೋಲ್ಟಿಗಾಗಿ ಜನ ಅಂಗಡಿಯಿಂದ ಅಂಗಡಿಗೆ ಅಲೆಯುವುದನ್ನು ಅವರು ಬಾಲ್ಯದಲ್ಲೇ ಕಂಡಿದ್ದರು. ಮುಂದೆ ಅವರಿಗೆ ಹೊಳೆದ ಉಪಾಯ ವಿಚಿತ್ರವಾದದ್ದು: ಸಿಗರೇಟು ಪ್ಯಾಕಿನಷ್ಟು ದೊಡ್ಡ ಪೆಟ್ಟಿಗೆಗಳಲ್ಲಿ ನಟ್ಟು ಬೋಲ್ಟು ತುಂಬಿ, ನಾಣ್ಯ ಹಾಕಿದರೆ ಹೊರಬೀಳುವ ಯಂತ್ರದಲ್ಲಿ ಮಾರುವುದು. ಆದರೆ ಗಿರಾಕಿಗಳಿಗೆ ಬೇಕಾದ ಎಷ್ಟೋ ಸಾಮಾನುಗಳು ಯಂತ್ರದಲ್ಲಿ ಹಿಡಿಸಲಿಲ್ಲ. ಉಪಾಯವನ್ನು ಕೈಬಿಟ್ಟು, ಗೆಳೆಯರೊಡನೆ ಸುಮಾರು 30 ಸಾವಿರ ಡಾಲರ್ ಕೂಡಿಸಿ ಸಾದಾ ಅಂಗಡಿಯನ್ನೇ ತೆರೆದರು.

ಆ ಅಂಗಡಿಯೇ ಕಂಪನಿಯ ಸ್ವಭಾವವನ್ನು ರೂಪಿಸಿತು. ಊರಿಗೊಂದು ಮಳಿಗೆ, ಮಳಿಗೆಗೊಬ್ಬ ವ್ಯವಸ್ಥಾಪಕ, ಅವನ ಕೈಯಲ್ಲಿ ನಿರ್ಧಾರದ ಅಧಿಕಾರ, ಮಳಿಗೆಯ ಲಾಭದ ಬೆಳವಣಿಗೆಗೆ ತಕ್ಕ ಬೋನಸ್. ಕಾಲೇಜಿನಲ್ಲಿ ಓದುತ್ತಲೇ ಅರೆಕಾಲಿಕವಾಗಿ ಸೇರಿದ ಹುಡುಗ ಪೆಟ್ಟಿಗೆ ಹೊರುತ್ತ, ದಾಸ್ತಾನು ಎಣಿಸುತ್ತ, ಕೌಂಟರಿನಲ್ಲಿ ನಿಂತು ಗಿರಾಕಿಯ ಪ್ರಶ್ನೆಗೆ ಉತ್ತರಿಸುತ್ತ ಮೇಲೇರಬಹುದಿತ್ತು. ಮೇಲಿನ ಹುದ್ದೆಗಳಿಗೆ ಒಳಗಿನವರನ್ನೇ ಏರಿಸುವುದು ಘೋಷಿತ ನೀತಿ. 1980ರಲ್ಲಿ ಸೇರಿ ಜಿಲ್ಲಾ ವ್ಯವಸ್ಥಾಪಕರಾಗಿ ದುಡಿದ ವಿಲ್ ಓಬರ್ಟನ್ 2002ರಲ್ಲಿ ಮುಖ್ಯ ಕಾರ್ಯನಿರ್ವಹಣಾಧಿಕಾರಿಯಾದದ್ದು ಈ ನೀತಿಯ ಫಲವೇ. ಕಿಯರ್ಲಿನ್ ಅವರ ಜಿಪುಣತನವಂತೂ ಅಮೆರಿಕದ ವಾಣಿಜ್ಯ ಪತ್ರಿಕೆಗಳಿಗೆ ಕೆಲಕಾಲ ರಂಜನೆಯ ವಿಷಯವಾಗಿತ್ತು. ಅವರು ಬೇರೆಯವರು ಉಟ್ಟುಬಿಟ್ಟ ಸೂಟುಗಳನ್ನು ಕೊಂಡು ತೊಡುತ್ತಿದ್ದರು. ಅವರು ತೀರಿಕೊಂಡದ್ದು 2025ರಲ್ಲಿ.

ತಿರುವು ಶುರುವಾದದ್ದು 2007ರಲ್ಲಿ. ವರ್ಷವರ್ಷವೂ ಹೊಸ ಮಳಿಗೆಗಳನ್ನು ತೆರೆಯುವ ವೇಗವನ್ನು ತಗ್ಗಿಸಿ, ಆ ಹಣವನ್ನು ಮಾರಾಟ ಸಿಬ್ಬಂದಿಯ ಮೇಲೆ ಹೂಡುವುದಾಗಿ ಕಂಪನಿ ಪ್ರಕಟಿಸಿತು. ಮರುವರ್ಷವೇ ಜಾಗತಿಕ ಆರ್ಥಿಕ ಕುಸಿತ ಬಂತು. 2008ರಲ್ಲಿ 234 ಕೋಟಿ ಡಾಲರ್ ಇದ್ದ ವಹಿವಾಟು 2009ರಲ್ಲಿ 193 ಕೋಟಿಗೆ ಇಳಿಯಿತು. ಆಗ ಕಂಪನಿ ಮೊದಲು ಕೈಹಾಕಿದ್ದು ಅರೆಕಾಲಿಕ ನೌಕರರ ದುಡಿಮೆಯ ಗಂಟೆಗಳಿಗೆ. ಯಾರನ್ನೂ ಹೊರದೂಡಿದಂತೆ ಕಾಣದೆ ಸಂಬಳದ ವೆಚ್ಚವನ್ನು ತಗ್ಗಿಸುವ ಈ ವಿದ್ಯೆಯಲ್ಲಿ ವಿತರಣಾ ಉದ್ಯಮ ಬಹಳ ನುರಿತದ್ದು. ಗಂಟೆಗಳನ್ನು ಕಳೆದುಕೊಂಡವನು ನಿರುದ್ಯೋಗಿಯಲ್ಲ. ಆದರೆ ತಿಂಗಳ ಬಾಡಿಗೆ ಕಟ್ಟಲು ಅವನ ಬಳಿ ಹಣವೂ ಇಲ್ಲ.

ಬಳಿಕ ಬಂದದ್ದು ಯಂತ್ರ. ನಲವತ್ತು ವರ್ಷಗಳ ಹಿಂದೆ ಕೈಬಿಟ್ಟಿದ್ದ ಕಿಯರ್ಲಿನ್ ಅವರ ಕನಸು ಬೇರೊಂದು ರೂಪದಲ್ಲಿ ಮರಳಿತು. ರೈಲು ನಿಲ್ದಾಣಗಳಲ್ಲಿ ಚಿಪ್ಸು, ಚಾಕೊಲೇಟು ಮಾರುವ ಪೆಟ್ಟಿಗೆಯಂಥದ್ದೇ ಯಂತ್ರವನ್ನು ಗಿರಾಕಿಯ ಕಾರ್ಖಾನೆಯೊಳಗೇ ನಿಲ್ಲಿಸಲಾಯಿತು. ಕಾರ್ಮಿಕ ತನ್ನ ಗುರುತಿನ ಚೀಟಿಯನ್ನು ತೋರಿಸಬೇಕು, ಯಾವ ಕೆಲಸಕ್ಕೆಂದು ಸಂಕೇತ ಒತ್ತಬೇಕು. ಆಗ ಒಂದು ಜೊತೆ ಕೈಗವಸೋ ಲೇತಿನ ಇನ್ಸರ್ಟೋ ಕೆಳಗೆ ಬೀಳುತ್ತದೆ. ಯಾರು, ಯಾವಾಗ, ಎಷ್ಟು ತೆಗೆದುಕೊಂಡರು ಎಂಬುದು ಅದೇ ಕ್ಷಣದಲ್ಲಿ ದಾಖಲಾಗುತ್ತದೆ. ದಾಸ್ತಾನು ತಗ್ಗಿದರೆ ಬೇಡಿಕೆ ತಾನಾಗಿಯೇ ಹೋಗುತ್ತದೆ. ಉಗ್ರಾಣದ ಕಿಟಕಿಯಲ್ಲಿ ಗುಮಾಸ್ತನ ಮರ್ಜಿ ಕಾಯುವುದು ತಪ್ಪಿತು, ಮೂರನೇ ಪಾಳಿಯವನಿಗೂ ಸಾಮಾನು ಸಿಕ್ಕಿತು, ಪೋಲಾಗುವುದೂ ತಗ್ಗಿತು. ಇದನ್ನು ಒಪ್ಪಲೇಬೇಕು. ಜೊತೆಗೆ, ದಿನಕ್ಕೆ ಎರಡು ಜೊತೆ ಕೈಗವಸು ತೆಗೆದುಕೊಂಡವನ ಹೆಸರು ಮೇಸ್ತ್ರಿಯ ಪರದೆಯ ಮೇಲೂ ಮೂಡಿತು. 2020ರಲ್ಲಿ ಫಾಸ್ಟೆನಲ್ ಈ ಯಂತ್ರಗಳನ್ನು ಒದಗಿಸುತ್ತಿದ್ದ ಅಪೆಕ್ಸ್ ಕಂಪನಿಯಿಂದ ಸಂಬಂಧಪಟ್ಟ ಆಸ್ತಿಯನ್ನು 12.5 ಕೋಟಿ ಡಾಲರಿಗೆ ಕೊಂಡಿತು. ಈಗ ಇಂಥ ಸಾಧನಗಳ ಲೆಕ್ಕ ಲಕ್ಷವನ್ನು ಮೀರಿದೆ.

ಯಂತ್ರಕ್ಕಿಂತಲೂ ಆಳವಾದ ಬದಲಾವಣೆ ಇನ್ನೊಂದಿದೆ. ನಮ್ಮ ಸಾಫ್ಟ್‌ವೇರ್ ಹುಡುಗರಿಗೆ ‘ಆನ್‌ಸೈಟ್’ ಎಂದರೆ ವಿಮಾನ ಹತ್ತುವ ಯೋಗ. ಫಾಸ್ಟೆನಲ್‌ನ ಭಾಷೆಯಲ್ಲಿ ಅದರ ಅರ್ಥ, ದೊಡ್ಡ ಗಿರಾಕಿಯ ಕಾರ್ಖಾನೆಯ ಆವರಣದಲ್ಲೇ ಆ ಒಬ್ಬನಿಗಾಗಿ ತೆರೆದ ಮಳಿಗೆ. 2014ರ ಕೊನೆಗೆ ಇಂಥವು ಇನ್ನೂರರ ಆಸುಪಾಸಿನಲ್ಲಿದ್ದವು. 2024ರ ಕೊನೆಗೆ ಎರಡು ಸಾವಿರವನ್ನು ದಾಟಿದವು. ಊರಿನ ಮಳಿಗೆಗಳು ಮುಚ್ಚಿದ ವರ್ಷಗಳೂ ಇವು ಬೆಳೆದ ವರ್ಷಗಳೂ ಒಂದೇ. ನೌಕರಿಗಳು ಉಳಿದದ್ದರ ಗುಟ್ಟು ಇಲ್ಲಿದೆ. ಮುಖ್ಯ ಬೀದಿಯ ಕೌಂಟರಿನ ಹಿಂದಿದ್ದ ನೌಕರ ಕಾರ್ಖಾನೆಯ ಗೇಟಿನೊಳಗೆ ಹೋದ. ಸಂಬಳ ಕೊಡುವವರು ಅವರೇ, ಅಂಗಿಯ ಮೇಲಿನ ಹೆಸರೂ ಅದೇ. ಆದರೆ ಅವನ ಇಡೀ ದಿನ ಈಗ ಮತ್ತೊಂದು ಕಂಪನಿಯ ಪಾಳಿಗೆ, ಸುರಕ್ಷಾ ನಿಯಮಕ್ಕೆ, ಅದರ ಏರಿಳಿತಕ್ಕೆ ಕಟ್ಟುಬಿದ್ದಿದೆ. ಮೊದಲು ಐವತ್ತು ಗಿರಾಕಿಗಳಲ್ಲಿ ಒಬ್ಬ ಕೈಬಿಟ್ಟರೆ ಮಳಿಗೆ ನಡೆಯುತ್ತಿತ್ತು. ಈಗಿನ ಗಿರಾಕಿ ಒಬ್ಬನೇ. ಆ ಕಾರ್ಖಾನೆ ಮೆಕ್ಸಿಕೊಗೆ ಹೋದರೆ, ಅಥವಾ ಗುತ್ತಿಗೆ ಪ್ರತಿಸ್ಪರ್ಧಿಯ ಪಾಲಾದರೆ, ಅವನ ಮೇಜೂ ಹೋಗುತ್ತದೆ.

ಕೆಲಸದ ಗುಣವೂ ಬದಲಾಗಿದೆ. ಹಳೆಯ ಕೌಂಟರಿನ ನೌಕರ ಗಿರಾಕಿ ತಂದ ತುಕ್ಕುಹಿಡಿದ ತುಂಡನ್ನು ಬೆರಳಲ್ಲಿ ತಿರುಗಿಸಿ, ಅದು ಅಂಗುಲದ ಅಳತೆಯದೋ ಮೆಟ್ರಿಕ್ಕಿನದೋ, ಇದರ ಬದಲು ಏನನ್ನು ಹಾಕಬಹುದು ಎಂದು ಹೇಳಬೇಕಿತ್ತು. ಹೊಸ ವ್ಯವಸ್ಥೆಯಲ್ಲಿ ಯಾವ ಬೋಲ್ಟು ಬೇಕೆಂಬುದು ಮೊದಲೇ ತೀರ್ಮಾನವಾಗಿರುತ್ತದೆ. ಪೆಟ್ಟಿಗೆ ಬರಿದಾಗದಂತೆ ನೋಡಿಕೊಳ್ಳುವುದು, ಸ್ಕ್ಯಾನ್ ಮಾಡುವುದು, ಯಂತ್ರಕ್ಕೆ ತುಂಬುವುದು ದಿನದ ಬಹುಪಾಲನ್ನು ನುಂಗುತ್ತವೆ. ಚುರುಕಾದವನು ಕಾರ್ಖಾನೆಯ ಎಂಜಿನಿಯರುಗಳೊಡನೆ ಪಳಗಿ ಹೆಚ್ಚು ಕಲಿಯಲೂಬಹುದು. ಅಂಥ ಅವಕಾಶ ಇಲ್ಲವೆಂದಲ್ಲ. ಆದರೆ ಇಪ್ಪತ್ತೈದರ ಹರೆಯದಲ್ಲೇ ಒಂದು ಊರಿನ ವ್ಯಾಪಾರವನ್ನು ತಾನೇ ನಡೆಸುವ ಅವಕಾಶದ ಸಂಖ್ಯೆ, ಮುಚ್ಚಿದ ಸಾವಿರ ಮಳಿಗೆಗಳಷ್ಟು ಕಡಿಮೆಯಾಯಿತು.

ಇನ್ನು ಸಣ್ಣ ಗಿರಾಕಿಯ ಪಾಡು. 2020ರ ಮಾರ್ಚ್‌ನಲ್ಲಿ ಕೋವಿಡ್ ಹಬ್ಬಿದಾಗ ಫಾಸ್ಟೆನಲ್ ತನ್ನ ಶಾಖೆಗಳ ಮುಂಬಾಗಿಲನ್ನು ಸಾರ್ವಜನಿಕರಿಗೆ ಮುಚ್ಚಿತು. ಪಿಡುಗು ತಗ್ಗಿದ ಮೇಲೂ ಹಲವು ಶಾಖೆಗಳು ಹಳೆಯ ರೀತಿಗೆ ಮರಳದೆ, ದೊಡ್ಡ ಗಿರಾಕಿಗಳಿಗೆ ಸರಕು ಕಳಿಸುವ ಗೋದಾಮುಗಳಂತಾದವು. ವೆಲ್ಡಿಂಗ್ ಶೆಡ್ಡಿನವನು, ಟ್ರ್ಯಾಕ್ಟರ್ ಕೆಟ್ಟ ರೈತ, ಬೇಲಿ ಕಟ್ಟುವ ಗುತ್ತಿಗೆದಾರ ಇವರೆಲ್ಲ ಕಂಪನಿಯ ವಹಿವಾಟಿನ ಸಣ್ಣ ಪಾಲು ಎಂಬುದು ನಿಜ. ಲೆಕ್ಕಿಗನ ದೃಷ್ಟಿಯಲ್ಲಿ ನಿರ್ಧಾರ ಸರಿಯಾದದ್ದೇ. ಅವರಿಗೆ ಅಂತರ್ಜಾಲವಿದೆಯಲ್ಲ ಎನ್ನಬಹುದು. ಕೈಯಲ್ಲಿರುವ ಮುರಿದ ತುಂಡಿನ ಹೆಸರೇ ಗೊತ್ತಿಲ್ಲದವನು ಅಂತರ್ಜಾಲದಲ್ಲಿ ಏನೆಂದು ಹುಡುಕಬೇಕು?

ಇದೇ ಕಸುಬಿನ ಇನ್ನೊಂದು ದೈತ್ಯ ಸಂಸ್ಥೆ, 1927ರಲ್ಲಿ ಷಿಕಾಗೊದಲ್ಲಿ ಹುಟ್ಟಿದ ಗ್ರೇಂಜರ್, ಬೇರೆ ದಾರಿ ಹಿಡಿಯಿತು. 2011ರಲ್ಲಿ ಜೋರೋ ಎಂಬ ಅಂತರ್ಜಾಲ ಮಳಿಗೆಯನ್ನು ಆರಂಭಿಸಿತು. ಕೆನಡಾದಲ್ಲಿ ತಾನು 1996ರಲ್ಲಿ ಕೊಂಡಿದ್ದ ವ್ಯವಹಾರದ ಬಹುಪಾಲು ಶಾಖೆಗಳನ್ನು 2017 ಮತ್ತು 2018ರಲ್ಲಿ ಮುಚ್ಚಿತು. ಅಲ್ಲಿ ನೌಕರಿಗಳೂ ಹೋದವು. ಅದಕ್ಕೆ ಹೋಲಿಸಿದರೆ ಫಾಸ್ಟೆನಲ್ ಮೃದುವಾಗಿ ನಡೆದುಕೊಂಡಿದೆ ಎಂದೇ ಹೇಳಬೇಕು. ಈ ಹೊಗಳಿಕೆ ಕಂಪನಿಗೆ ಸಲ್ಲುವಂಥದ್ದು. ಆದರೆ ಗ್ರೇಂಜರ್ ಮುಚ್ಚಿದಾಗ ಅದು ಸುದ್ದಿಯಾಯಿತು, ಎಷ್ಟು ಮಂದಿ ಎಂದು ಜನ ಕೇಳಿದರು. ಫಾಸ್ಟೆನಲ್ ವರ್ಷಕ್ಕೆ ನೂರರಂತೆ ಮುಚ್ಚಿದಾಗ ಕೇಳುವವರು ಕಡಿಮೆ.

ಈ ಕಥೆ ನಮಗೆ ತೀರಾ ದೂರದ್ದೂ ಅಲ್ಲ. ಫಾಸ್ಟೆನಲ್‌ನ ಮಾಹಿತಿ ತಂತ್ರಜ್ಞಾನ ವಿಭಾಗದ ಕಚೇರಿಯೊಂದು ಬೆಂಗಳೂರಿನಲ್ಲಿದೆ. ಕೌಂಟರಿನ ಅನುಭವ ತಂತ್ರಾಂಶವಾಗಿ ಬದಲಾಗುವ ಕೆಲಸದಲ್ಲಿ ನಮ್ಮ ಊರಿನ ಎಂಜಿನಿಯರುಗಳೂ ಪಾಲುದಾರರು. ಅವರು ಆ ಕೌಂಟರನ್ನು ಕಂಡವರಲ್ಲ, ಕಾಣಬೇಕಾದ ಅಗತ್ಯವೂ ಬಹುಶಃ ಇಲ್ಲ.

ಮೂರು ತಿಂಗಳಿಗೊಮ್ಮೆ ಫಾಸ್ಟೆನಲ್ ಷೇರುದಾರರಿಗೆ ವಿವರವಾದ ವರದಿ ಕೊಡುತ್ತದೆ. ದಿನಕ್ಕೆ ಸರಾಸರಿ ಎಷ್ಟು ಹೊಸ ಯಂತ್ರಗಳ ಒಪ್ಪಂದವಾಯಿತು, ಒಟ್ಟು ಮಾರಾಟದಲ್ಲಿ ಯಾಂತ್ರಿಕ ವ್ಯವಸ್ಥೆಯ ಪಾಲೆಷ್ಟು, ನೌಕರರ ಸಂಖ್ಯೆ ಎಷ್ಟು ಏರಿತು ಅಥವಾ ಇಳಿಯಿತು ಎಂಬುದೆಲ್ಲ ಅದರಲ್ಲಿರುತ್ತದೆ. ಇಷ್ಟು ತೆರೆದ ಮನಸ್ಸಿನ ಲೆಕ್ಕ ಕೊಡುವ ಕಂಪನಿಗಳು ಈ ಉದ್ಯಮದಲ್ಲಿ ಹೆಚ್ಚಿಲ್ಲ. ಮುಚ್ಚಿದ ಶಾಖೆಗಳ ಸಂಖ್ಯೆಯೂ ಅಲ್ಲಿ ಸಿಗುತ್ತದೆ. ಅವು ಯಾವ ಊರುಗಳವು, ಅಲ್ಲಿ ಬೋಲ್ಟು ಕೊಳ್ಳುತ್ತಿದ್ದವರು ಈಗ ಎಷ್ಟು ಮೈಲಿ ಹೋಗುತ್ತಾರೆ ಎಂಬ ಅಂಕಣ ಮಾತ್ರ ಅದರಲ್ಲಿಲ್ಲ.